ಗೋಪಮ್ಮನಿಗೆ ನಾನು ಹೇಳಿದ ಸುಳ್ಳು

ಅಮರೇಶ ಮೊದಲ ಸಲ ನಮ್ಮ ಲ್ಯಾಬಿಗೆ ಬಂದಾಗ ಅವನ ನೀರಿನ ಬಾಟಲಿ ಒಬ್ಬ ಹುಡುಗಿಯ ಕೈಯಲ್ಲಿತ್ತು. ನನಗೆ ಮೊದಲು ಕಂಡದ್ದು ಅದು. ಅವನ ಕಣ್ಣು ಕಂಡದ್ದು ಆಮೇಲೆ.

"ಯಾರದು ಮೊದಲು?" ಎಂದು ಸೂಜಿ ಬಿಚ್ಚುತ್ತ ಕೇಳಿದೆ.

"ಆಕಿದು ತಗೋರಿ. ಆಕಿ ಅಳೂದು ನೋಡಿ ನಾ ಧೈರ್ಯ ತಗೋತೀನಿ" ಎಂದ ಅವನು.

"ಸುಳ್ಳು ಮೇಡಂ. ಹೋದ ಸಲ ಅತ್ತಾವ ಇವನೇ" ಎಂದಳು ಅವಳು.

ಇಬ್ಬರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ನಾನು ಮೌನೇಶ್ವರಿ. ಊರು ಪೋತ್ನಾಳ, ಕೆಲಸ ರಾಯಚೂರಿನ ಸ್ಟೇಷನ್ ರಸ್ತೆಯ ಒಂದು ಹೊಟ್ಟೆರೋಗದ ಕ್ಲಿನಿಕ್ಕಿನಲ್ಲಿ, ಲ್ಯಾಬ್ ಟೆಕ್ನೀಷಿಯನ್. ನಮ್ಮ ಡಾಕ್ಟರ್ ಯಶೋದಾ ಆ ವರ್ಷ ಒಂದು ಅಧ್ಯಯನ ಶುರು ಮಾಡಿದ್ದರು. ಕರುಳಿನಲ್ಲಿ ಉರಿಯೂತವಾಗಿ, ಹುಣ್ಣಾಗಿ, ವರ್ಷಗಟ್ಟಲೆ ರಕ್ತಭೇದಿ ಕಾಡುವ ಒಂದು ಕಾಯಿಲೆಯಿದೆ. ಅದು ಕೆಲವು ಮನೆತನಗಳಲ್ಲಿ ಇಬ್ಬರು ಮೂವರಿಗೆ ಬರುವುದೇಕೆ, ಅವರ ಜೀನ್‌ಗಳಲ್ಲಿ ಉಳಿದವರಿಗಿಲ್ಲದ ವ್ಯತ್ಯಾಸ ಏನಿದೆ ಎಂದು ನೋಡುವುದು. ರಕ್ತ ತೆಗೆದು ಹೈದರಾಬಾದಿಗೆ ಕಳಿಸುವುದು ನನ್ನ ಕೆಲಸ. ಜೊತೆಗೆ ಪ್ರತಿ ಮನೆತನದ ನಕ್ಷೆ ಬರೆಯುವುದು: ಗಂಡಸಿಗೆ ಚೌಕ, ಹೆಂಗಸಿಗೆ ದುಂಡು, ಕಾಯಿಲೆ ಇದ್ದವರಿಗೆ ಒಳಗೆ ಕಪ್ಪು.

ಅಮರೇಶ ದೇವದುರ್ಗದಲ್ಲಿ ಭೂಮಿ ಅಳೆಯುವ ಸರ್ವೇಯರ್. ಆ ಹುಡುಗಿ ಶಶಿಕಲಾ, ಅವನ ಸೋದರಮಾವನ ಮಗಳು. ಮಾನ್ವಿ ತಾಲೂಕಿನ ಬಾಗಲವಾಡದಲ್ಲಿ ಮನೆ, ಅಲ್ಲಿಯದೇ ಶಾಲೆಯಲ್ಲಿ ಟೀಚರ್. ನಕ್ಷೆಯಲ್ಲಿ ಅವನ ಚೌಕಕ್ಕೂ ಅವಳ ದುಂಡಿಗೂ ಕಪ್ಪು ತುಂಬಿದೆ. ಉಳಿದ ಹದಿನಾಲ್ಕು ಮಂದಿ ಖಾಲಿ ಬಿಳಿ. ಇಡೀ ಹಾಳೆಯಲ್ಲಿ ಅವರಿಬ್ಬರೇ ಜೋಡಿಯ ಹಾಗೆ ಕಾಣುತ್ತಿದ್ದರು.

ಎರಡು ವಾರಕ್ಕೊಮ್ಮೆ ಶನಿವಾರ ಬೆಳಿಗ್ಗೆ ಎಲ್ಲ ರೋಗಿಗಳಿಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಬೇಕಿತ್ತು. ಮೊದಲನೆಯದು, ದಿನಕ್ಕೆ ಎಷ್ಟು ಸಲ ಹೊರಗೆ ಹೋಗುತ್ತೀರಿ. ಎರಡನೆಯದು, ರಕ್ತ ಬೀಳುತ್ತದೆಯೇ. ಮೂರನೆಯದು, ಗುಳಿಗೆ ತಪ್ಪದೆ ನುಂಗುತ್ತೀರಾ.

"ಮೇಡಂ, ಒಬ್ಬ ಹುಡುಗಿ ಶನಿವಾರ ಮುಂಜಾನೆ ತಾನಾಗಿ ಫೋನ್ ಮಾಡ್ತಾಳ ಅಂದ್ರ ಖುಷಿ ಆಗ್ಬೇಕು. ನೀವು ಕೇಳೂದು ನೋಡಿದ್ರ..." ಎಂದ ಅವನು ಮೂರನೇ ಸಲಕ್ಕೆ.

"ನೀವು ನಂಬರ್ ಹೇಳ್ರಿ ಮೊದಲು."

"ನಾಕು. ರಕ್ತ ಇಲ್ಲ. ಮೂರನೇ ಪ್ರಶ್ನಿ ನಾ ಕೇಳ್ತೀನಿ. ನೀವು ನಾಷ್ಟಾ ಮಾಡಿದ್ರೇನು?"

ಮುಂದಿನ ಶನಿವಾರಗಳಲ್ಲಿ ಮೂರು ಪ್ರಶ್ನೆಗೆ ಮೂರು ನಿಮಿಷ ಸಾಲದಾಯಿತು. ಹೊಲದ ನಡುವೆ ಸರಪಳಿ ಹಿಡಿದು ನಿಂತಾಗ ಅವಸರವಾದರೆ ಏನು ಮಾಡುತ್ತೀ ಎಂದು ಕೇಳಿದೆ. ಕಲ್ಮಲಾದಿಂದ ಗಬ್ಬೂರಿನವರೆಗೆ ಯಾವ ಪೆಟ್ರೋಲ್ ಬಂಕಿನ ಶೌಚಾಲಯಕ್ಕೆ ಚಿಲಕವಿದೆ, ಯಾವುದಕ್ಕಿಲ್ಲ ಎಂದು ಬಾಯಿಪಾಠ ಒಪ್ಪಿಸಿದ. ನಗುತ್ತ ನಗುತ್ತ ನನ್ನ ಕಣ್ಣಲ್ಲಿ ನೀರು ಬಂತು. ಅದು ನಗುವಿನದಷ್ಟೇ ಆಗಿರಲಿಲ್ಲ.

ಒಂದು ಸಂಜೆ ತೀನ್ ಕಂದಿಲ್ ವೃತ್ತದ ಹತ್ತಿರದ ತಿಂಡಿ ಬಂಡಿಯಲ್ಲಿ ಮಂಡಕ್ಕಿಯ ಮಂಡಾಳ ಒಗ್ಗರಣೆ, ಮಿರ್ಚಿ ಭಜಿ ಕೊಡಿಸಿದ. ಅವನು ಖಾರ ಮುಟ್ಟುವ ಹಾಗಿಲ್ಲ. ಎದುರಿಗೆ ಕೈಕಟ್ಟಿ ನಿಂತ.

"ನೀ ತಿನ್ನು. ನಾ ನೋಡ್ತೀನಿ."

"ನೋಡಿದ್ರ ಹೊಟ್ಟಿ ತುಂಬತದೇನು?"

"ಹೊಟ್ಟಿದು ಬಿಡು. ಅದು ನನ್ನ ಮಾತು ಕೇಳೂದು ಬಿಟ್ಟು ಆರು ವರ್ಷಾತು. ಕಣ್ಣು ತುಂಬತದ."

ಮಿರ್ಚಿಯ ಖಾರ ನೆತ್ತಿಗೇರಿತು. ಅವನು ನೀರು ಕೊಟ್ಟ. ಬಾಟಲಿ ಕೊಡುವಾಗ ಬೆರಳು ತಾಕಿತು, ಎಳೆದುಕೊಳ್ಳಲಿಲ್ಲ. ನಾನೂ ಎಳೆದುಕೊಳ್ಳಲಿಲ್ಲ. ಅಷ್ಟರಲ್ಲಿ ಅವನ ಫೋನ್ ರಿಂಗಾಯಿತು. ಪರದೆಯ ಮೇಲೆ 'ಶಶಿ' ಅಂತ ಬಂತು.

ಅವನು ಫೋನಿಗೆ ಹಲೋ ಕೂಡ ಅನ್ನಲಿಲ್ಲ. "ಎಷ್ಟು?" ಎಂದ. ಆ ಕಡೆಯಿಂದ ಏನೋ ಬಂತು. "ನಂದು ಮೂರು. ನಾ ಗೆದ್ದೆ" ಎಂದು ನಕ್ಕು ಇಟ್ಟುಬಿಟ್ಟ.

ಆ ಪ್ರಶ್ನೆ ನನ್ನದಾಗಿತ್ತು. ನಾನು ಕೇಳಿದಾಗ ಅದು ಫಾರ್ಮಿನ ಒಂದು ಸಾಲು. ಅವರ ನಡುವೆ ಆಟ.

"ಆಕಿಗೆ ಎಲ್ಲಾ ಹೇಳ್ತೀಯೇನು?" ಎಂದೆ.

"ಹೇಳೂದು ಬ್ಯಾಡ, ಆಕಿಗೆ ಗೊತ್ತಾಗ್ತದ. ಮಾರಿ ನೋಡಿದ್ರ ತಿಳೀತದ" ಎಂದ, ಸಹಜವಾಗಿ.

ಮಿರ್ಚಿ ಮುಗಿಸಲಾಗಲಿಲ್ಲ. ಪೊಟ್ಟಣ ಅಲ್ಲೇ ಬಿಟ್ಟು ಎದ್ದೆ.

ಅಂದಿನಿಂದ ನನಗೆ ಶುರುವಾಯಿತು. ಕ್ಲಿನಿಕ್ಕಿನ ಬೆಂಚಿನ ಮೇಲೆ ಅವರು ಅಕ್ಕಪಕ್ಕ ಕೂತರೆ ನಡುವಿನ ಅಂತರವನ್ನು ಕಣ್ಣಿನಲ್ಲೇ ಅಳೆಯುತ್ತಿದ್ದೆ. ಶಶಿಕಲಾಳ ಮುಖ ಬಿಳುಚಿಕೊಂಡರೆ ಸಾಕು, ಅವನು ಕೇಳದೆಯೇ ಎದ್ದು ಅವಳ ಜೋಳಿಗೆ ಹಿಡಿದು ನಿಲ್ಲುತ್ತಿದ್ದ. ಅವಳು ಒಳಗೆ ಹೋಗಿ ಬರುವವರೆಗೆ ಹಾಗೆಯೇ. ನನಗೆ ಜ್ವರ ಬಂದು ಎರಡು ದಿನ ಮಲಗಿದಾಗ ಅವನು ಹತ್ತು ಸಲ ಫೋನ್ ಮಾಡಿದ್ದ, ಅದು ಲೆಕ್ಕಕ್ಕೇ ಬರಲಿಲ್ಲ. ಫೋನಿನಲ್ಲಿ ನಾನು ಹೇಳಿದ ಮೇಲಷ್ಟೇ ಅವನಿಗೆ ಗೊತ್ತಾಗಿತ್ತು, ತಾನಾಗಿ ತಿಳಿದಿರಲಿಲ್ಲ.

ಒಂದು ದಿನ, ನನಗೂ ಆ ಕಾಯಿಲೆ ಇದ್ದಿದ್ದರೆ ಅಂದುಕೊಂಡೆ. ದಿನವೂ ಆ ಕಾಯಿಲೆಯವರ ಒಣಗಿದ ಕೈಯಲ್ಲಿ ನರ ಹುಡುಕುವವಳು ಹಾಗೆ ಅಂದುಕೊಳ್ಳಬಾರದು. ಅಂದುಕೊಂಡೆ.

ಶ್ರಾವಣ ಮುಗಿದ ಮೇಲೆ ಆರೋಗ್ಯವಾಗಿರುವ ಸಂಬಂಧಿಕರ ರಕ್ತ ತೆಗೆಯಲು ದೇವದುರ್ಗಕ್ಕೆ ಹೋದೆ. ಅಮರೇಶ ಯಾವುದೋ ಹಳ್ಳಿಗೆ ಅಳತೆಗೆ ಹೋಗಿದ್ದ. ಅವನ ತಾಯಿ ಗೋಪಮ್ಮ ಅಂಗನವಾಡಿಯಲ್ಲಿ ಸಹಾಯಕಿ. ಗೋಡೆಯ ಮೇಲೆ ಬುದ್ಧನ ಪಟ, ಬಾಬಾಸಾಹೇಬರ ಪಟ, ಅವುಗಳ ಕೆಳಗೆ ಅಮರೇಶ ಡಿಪ್ಲೊಮಾ ಮುಗಿಸಿದ ದಿನದ ಫೋಟೋ. ರಕ್ತ ಕೊಟ್ಟಾದ ಮೇಲೆ ಗೋಪಮ್ಮ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಬೇಡವೆಂದರೂ ರೊಟ್ಟಿ, ಪುಂಡಿಪಲ್ಯ ತಂದಿಟ್ಟಳು. ನಾನು ಅವನ ಫೋಟೋ ನೋಡುವುದನ್ನು ನೋಡಿದಳೋ ಇಲ್ಲವೋ.

"ಯವ್ವಾ, ನೀ ಓದಿದಾಕಿ. ಒಂದು ಮಾತು ಕೇಳ್ತೀನಿ" ಎಂದಳು. "ನಮ್ಮ ಅಣ್ಣನ ಮಗಳು ಶಶೀನ್ನ ಇವಂಗ ತಂದ್ಕೋಬೇಕಂತ ಮಾಡೀವಿ. ಇಬ್ರಿಗೂ ಒಂದೇ ಜಡ್ಡು. ಹೊರಗಿನವರು ಯಾರು ತಗೋತಾರ? ಇವರಾದ್ರ ಒಬ್ರಿಗೊಬ್ರು ಅರ್ಥ ಆಗ್ತಾರ."

ಮುರಿದ ರೊಟ್ಟಿಯ ತುಂಡನ್ನು ತಟ್ಟೆಗೆ ವಾಪಸ್ಸು ಇಟ್ಟೆ.

"ಹುಟ್ಟೂ ಮಕ್ಕಳಿಗೆ ಇದು ಬರ್ತದೇನವ್ವಾ?"

ಸರಿಯಾದ ಉತ್ತರ ನನಗೆ ಗೊತ್ತಿತ್ತು. ತರಬೇತಿಯಲ್ಲಿ ಅದನ್ನು ಬರೆಸಿಯೇ ಕಲಿಸಿದ್ದರು: ನಮಗೆ ಹೇಳಲು ಬರುವುದಿಲ್ಲ, ಡಾಕ್ಟರನ್ನು ಕೇಳಿ. ಅವರ ರಕ್ತದ ವರದಿ ಇನ್ನೂ ಬಂದಿರಲಿಲ್ಲ. ಬಂದಿದ್ದರೂ ಹೆಸರಿಲ್ಲದ ನಂಬರುಗಳಾಗಿ ಬರುತ್ತಿತ್ತು, ನನ್ನ ಕೈಗೆ ಸಿಗುತ್ತಿರಲಿಲ್ಲ.

"ಬರ್ತದ" ಎಂದೆ. "ಖರೇವ ಬರ್ತದ. ಇಬ್ರ ರಕ್ತದಾಗೂ ಅದ. ನಿಮ್ಮ ಮನೆತನದ ರಕ್ತದಾಗಽ ಅದ."

ಗೋಪಮ್ಮ ತನ್ನ ತೋಳಿನ ಹತ್ತಿಯನ್ನು ಒತ್ತಿ ಹಿಡಿದಳು. ಆಮೇಲೆ, "ಹಂಗಾರ ಬ್ಯಾಡ ಬಿಡು. ಇನ್ನೊಂದು ಕೂಸು ಹಿಂಗ ನರಳೂದು ನನ್ನ ಕಣ್ಣಿಲೆ ನೋಡಾಕ ಆಗಂಗಿಲ್ಲ" ಎಂದಳು.

ಬಸ್ಸಿನಲ್ಲಿ ವಾಪಸ್ಸು ಬರುವಾಗ ತೊಡೆಯ ಮೇಲಿನ ಐಸ್ ಡಬ್ಬಿಯಲ್ಲಿ ಗೋಪಮ್ಮನ ರಕ್ತವಿತ್ತು. ನಾಚಿಕೆಯಾಗಬೇಕಿತ್ತು. ಮನಸ್ಸು ಹಗುರಾಗಿತ್ತು, ಅದು ನಿಜ.

ಮೂರು ವಾರದ ಮೇಲೆ ಅಮರೇಶ ಲ್ಯಾಬಿನ ಬಾಗಿಲಲ್ಲಿ ನಿಂತ. ನಾನು ಗ್ಲೌಸ್ ತೆಗೆದೆ.

"ಮನ್ಯಾಗ ಶಶಿದು, ನಂದು ಮಾತು ನಡದಿತ್ತು. ಈಗ ನಿಂತದ" ಎಂದ. "ನಾ ಮೊದಲಿಂದ ಒಲ್ಲೆ ಅಂತಿದ್ದೆ. ಮಾತು ನಿಂತ ದಿನ ನಿನ್ನ ಕೇಳಬೇಕಂತ ಮಾಡಿದ್ದೆ, ಮೌನಿ."

ನನ್ನ ಹೆಸರನ್ನು ಅವನು ಅರ್ಧಕ್ಕೆ ಮುರಿದು ಕರೆದದ್ದು ಅದೇ ಮೊದಲು.

"ಕೇಳು ಮತ್ತ."

"ಇಲ್ಲ. ಕೇಳಂಗಿಲ್ಲ." ಅವನು ನೆಲ ನೋಡಿದ. "ಯಾಕ ನಿಂತತಂತ ಅವ್ವ ಹೇಳಿದ್ಲು. ರಕ್ತದಾಗ ಅದ, ಮಕ್ಕಳಿಗೆ ಖರೇವ ಬರ್ತದಂತ. ನೀನೇ ಹೇಳಿದ್ದಿ ಅಂತ. ಬ್ಯಾರೇರು ಹೇಳಿದ್ರ ನಂಬತಿದ್ದಿಲ್ಲ. ನೀ ಹೇಳಿದ ಮ್ಯಾಲೆ ಇನ್ನೇನದ? ನನ್ನ ಜಡ್ಡು ನನ್ನ ಸಂಗಾಟ ಹೋಗ್ಲಿ. ನಿನ್ನ ಹೊಟ್ಟ್ಯಾಗ ಹುಟ್ಟೂ ಕೂಸಿಗೆ ಇದನ್ನ ಕೊಡಂಗಿಲ್ಲ."

ಬಾಯಿ ತೆರೆದೆ. ಅದು ಸುಳ್ಳು ಎನ್ನಲು ಎರಡೇ ಶಬ್ದ ಸಾಕಿತ್ತು. ಅವನು ನನ್ನನ್ನು ಅಷ್ಟು ನಂಬಿ ನೋಡುತ್ತಿದ್ದ, ಆ ಎರಡು ಶಬ್ದ ಹೊರಡಲಿಲ್ಲ. ಅವನು ಹೊರಟುಹೋದ.

ಆ ಶನಿವಾರ ಫೋನ್ ಮಾಡಿದೆ. "ಐದು. ರಕ್ತ ಇಲ್ಲ" ಎಂದಷ್ಟೇ ಹೇಳಿ ಇಟ್ಟ. ನಾಷ್ಟಾದ ಮಾತಿಲ್ಲ.

ಅದರ ಮರುವಾರ ಶಶಿಕಲಾ ಒಬ್ಬಳೇ ಬಂದಳು. ಕಾಯಿಲೆ ಮತ್ತೆ ಕೆರಳಿತ್ತು. ಕಣ್ಣ ಕೆಳಗೆ ಕಪ್ಪು, ರವಿಕೆಯ ತೋಳು ಸಡಿಲ. ರಕ್ತ ಕೊಡಲೆಂದು ಕೂತವಳು ಕೈ ಚಾಚಲಿಲ್ಲ.

"ಮೇಡಂ, ನನಗ ಒಂದು ಚೀಟಿ ಬೇಕು. ನನ್ನ ತಂಗಿ ಸೌಭಾಗ್ಯಾಳ ರಕ್ತ ನೋಡಿ, ಆಕಿಗೆ ಏನೂ ಇಲ್ಲಂತ ಬರದು ಕೊಡ್ರಿ."

"ಯಾಕ?"

"ಆಕಿಗೆ ಮಟಮಾರಿ ಊರಾಗ ವರ ಗೊತ್ತಾಗಿದ್ದ. ನಮ್ಮ ರಕ್ತದಾಗ ಜಡ್ಡು ಅದ ಅನ್ನೂ ಸುದ್ದಿ ಅಲ್ಲೀತನಕ ಹೋಗ್ಯದ. ಹೋದ ವಾರ ಬ್ಯಾಡಂದ್ರು. ಆಕಿಗೆ ಒಂದು ನೆಗಡಿನೂ ಬರಂಗಿಲ್ರಿ. ಆಕಿ ಏನು ತಪ್ಪು ಮಾಡ್ಯಾಳ?"

ನಾನು ಸೂಜಿಯನ್ನು ಟ್ರೇಯಲ್ಲಿ ಇಟ್ಟೆ.

"ನಂದೇನೂ ಇಲ್ಲ" ಎಂದಳು ಶಶಿಕಲಾ. "ನನಗ ಅಮರೇಶ ಬೇಕಾಗಿದ್ದ, ಸುಳ್ಳ್ಯಾಕ ಹೇಳ್ಲಿ. ಆದ್ರ ಅವ ನನ್ನ ಮುಂದ ಕುಂತ್ರ ನಿಮ್ಮದೇ ಮಾತು. ಮೇಡಂ ಹಿಂಗಂದ್ರು, ಮೇಡಂ ಹಂಗ ನಕ್ಕರು. ನಿಮ್ಮನ್ನ ನೋಡಿದ್ರ ನನಗ ಹೊಟ್ಟಿ ಉರೀತಿತ್ತು. ಅದು ಈ ಜಡ್ಡಿಂದಲ್ಲ." ಸಣ್ಣಗೆ ನಕ್ಕಳು. "ಅವನ ಆಸೆ ಬಿಟ್ಟೀನಿ. ತಂಗೀದು ಬಿಡಾಕ ಆಗಂಗಿಲ್ಲ."

ಇಷ್ಟು ದಿನ ಒಂದೇ ಬೆಂಚಿನ ಎರಡು ಬದಿಯಿಂದ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿ ಬೇಯುತ್ತಿದ್ದೆವು. ಅವಳು ಯಾರಿಗೂ ಕೇಡು ಮಾಡಿರಲಿಲ್ಲ.

"ಚೀಟಿ ಬ್ಯಾಡ, ಶಶಿಕಲಾ" ಎಂದೆ. "ನಾ ಗೋಪಮ್ಮಗ ಹೇಳಿದ್ದು ಸುಳ್ಳು. ವರದಿನೇ ಬಂದಿಲ್ಲ. ಮಕ್ಕಳಿಗೆ ಖರೇವ ಬರ್ತದಂತ ಯಾವ ಡಾಕ್ಟರೂ ಹೇಳಂಗಿಲ್ಲ. ನಾ ಹೇಳಿದೆ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಬೈಯಲಿಲ್ಲ. ಚಾಚದೇ ಇದ್ದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, "ಬ್ಯಾರೇರ ಕೈಲೆ ತಗಿಸ್ರಿ ನನ್ನ ರಕ್ತ" ಎಂದಳು.

ಆ ಮಧ್ಯಾಹ್ನವೇ ಡಾಕ್ಟರ್ ಯಶೋದಾರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಪ್ರೀತಿ ಮಾಡಿದ್ದು ತಪ್ಪಲ್ಲ, ಮೌನೇಶ್ವರಿ. ಆ ಬಿಳಿ ಕೋಟು ಹಾಕ್ಕೊಂಡು ಹೇಳಿದೆಯಲ್ಲ, ಅದು ತಪ್ಪು. ನೀನು ಹೇಳಿದ್ದಕ್ಕೆ ಅವರು ನಂಬಿಲ್ಲ, ಕೋಟನ್ನ ನಂಬಿದ್ದಾರೆ." ಅಂದಿನಿಂದ ನನ್ನನ್ನು ಅಧ್ಯಯನದಿಂದ ತೆಗೆದು ಬರೀ ಒಳಗಿನ ಲ್ಯಾಬಿಗೆ ಹಾಕಿದರು. "ಭಾನುವಾರ ಬಾಗಲವಾಡಕ್ಕೆ ಹೋಗೋಣ. ಕಾಯಿಲೆ ವಿಷಯ ನಾನು ಹೇಳ್ತೀನಿ. ಉಳಿದದ್ದು ನೀನೇ ಹೇಳಬೇಕು."

ಬಾಗಲವಾಡದ ಮನೆಯಲ್ಲಿ ಶಶಿಕಲಾಳ ಅಪ್ಪ ಅಯ್ಯಪ್ಪ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಕಂಬಕ್ಕೆ ಒರಗಿ ಕೂತಿದ್ದ. ದೇವದುರ್ಗದಿಂದ ಗೋಪಮ್ಮ, ಅಮರೇಶ ಬಂದಿದ್ದರು. ಶಶಿಕಲಾ ಒಳಬಾಗಿಲಲ್ಲಿ ನಿಂತಿದ್ದಳು, ಹಿಂದೆ ಸೌಭಾಗ್ಯ.

ಡಾಕ್ಟರ್ ನಿಧಾನವಾಗಿ ಹೇಳಿದರು. "ಈ ಕಾಯಿಲೆಗೆ ಒಂದೇ ಒಂದು ಕೆಟ್ಟ ಜೀನ್ ಅಂತಿಲ್ಲ. ನೂರಾರು ಕಡೆ ಸಣ್ಣ ಸಣ್ಣ ವ್ಯತ್ಯಾಸ ಇರುತ್ತೆ. ಒಂದೊಂದೂ ಅಪಾಯವನ್ನ ಚೂರು ಚೂರು ಹೆಚ್ಚಿಸುತ್ತೆ, ಅಷ್ಟೆ. ನನ್ನಲ್ಲೂ ಕೆಲವು ಇರಬಹುದು. ಅವು ಇದ್ದೂ ಜೀವನಪೂರ್ತಿ ಗಟ್ಟಿಯಾಗಿರೋರು ಬೇಕಾದಷ್ಟು ಜನ. ಒಂದೇ ರೂಪದ ಅವಳಿಗಳಿಗೆ ಜೀನ್ ಎಲ್ಲ ಒಂದೇ. ಆದರೂ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬರದೆ ಇರೋದೇ ಹೆಚ್ಚು."

"ಹಂಗಾರ ನಮ್ಮ ಸೌಭಾಗ್ಯಾಗ?" ಅಯ್ಯಪ್ಪ ಕೇಳಿದ.

"ಬೇರೆಯವರಿಗಿಂತ ಸ್ವಲ್ಪ ಹೆಚ್ಚು ಅಪಾಯ. ಆದರೂ ಬರದೆ ಇರೋ ಸಾಧ್ಯತೆನೇ ಬಹಳ ದೊಡ್ಡದು."

"ಇವರಿಬ್ರ ಮದುವಿ ಆದ್ರ?" ಗೋಪಮ್ಮ ಕೇಳಿದಳು.

"ತಂದೆ ತಾಯಿ ಇಬ್ಬರಿಗೂ ಇದ್ದರೆ ಮಕ್ಕಳಿಗೆ ಬರೋ ಸಾಧ್ಯತೆ ಜಾಸ್ತಿನೇ. ಅದನ್ನ ಮುಚ್ಚಿಡಲ್ಲ. ಬಂದೇ ಬರುತ್ತೆ ಅನ್ನೋದು ಮಾತ್ರ ಸುಳ್ಳು. ಒಬ್ಬರಿಗಷ್ಟೇ ಇದ್ದರೆ ಅಪಾಯ ಎಷ್ಟೋ ಕಡಿಮೆ."

ಗೋಪಮ್ಮ ನನ್ನ ಕಡೆ ತಿರುಗಿದಳು. "ಮತ್ತ ನೀ ಯಾಕ ಹಂಗ ಹೇಳಿದಿ? ನನ್ನ ಮನ್ಯಾಗ ಕುಂತು, ನನ್ನ ಕೈಯಾನ ರೊಟ್ಟಿ ತಿಂದು?"

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಮರೆತುಹೋಯಿತು.

"ನನಗ ಅಮರೇಶ ಬೇಕಾಗಿದ್ದ" ಎಂದೆ. "ಶಶಿಕಲಾನ್ನ ನೋಡಿ ಹೊಟ್ಟಿಕಿಚ್ಚು. ಅದಕ್ಕ ಹೇಳಿದೆ. ಬ್ಯಾರೆ ಕಾರಣ ಇಲ್ಲ."

ಅಯ್ಯಪ್ಪ ಎದ್ದು ನಿಂತ. "ನಿನ್ನ ಹೊಟ್ಟಿಕಿಚ್ಚಿಗೆ ನನ್ನ ಸಣ್ಣ ಮಗಳ ಮದುವಿ ಮುರೀಬೇಕಾಗಿತ್ತೇನವ್ವಾ?"

ಆಗಲೇ ಅಮರೇಶ ತಟ್ಟನೆ ಎದ್ದು, ಯಾರ ಮುಖವನ್ನೂ ನೋಡದೆ ಹಿತ್ತಲಿಗೆ ಹೋಗಿಬಿಟ್ಟ. ಅವನು ಹೋದದ್ದು ನನ್ನಿಂದ ದೂರಕ್ಕೆ ಎಂದು ನನಗೆ ಅನ್ನಿಸಿತು.

ಹತ್ತು ನಿಮಿಷದ ಮೇಲೆ ಮುಖ ತೊಳೆದುಕೊಂಡು ಬಂದ. ಎಲ್ಲರೂ ಅವನನ್ನೇ ನೋಡುತ್ತಿದ್ದರು.

"ಸಿಟ್ಟಿಗೆ ಹೋಗಿದ್ದಿಲ್ಲ. ಜಡ್ಡು" ಎಂದ. ಒಳಬಾಗಿಲಲ್ಲಿ ಶಶಿಕಲಾ ಮಾತ್ರ ಕಿಸಕ್ಕನೆ ನಕ್ಕಳು. ಆ ಹೊತ್ತಿನಲ್ಲೂ ಆ ನಗು ಕೇಳಿ ನನ್ನೊಳಗೆ ಚುರ್ರೆಂದಿತು. ಅವಳಿಗೆ ಮೊದಲೇ ಗೊತ್ತಿತ್ತು.

ಅವನು ನನ್ನ ಕಡೆ ತಿರುಗಿದ. "ಸಿಟ್ಟು ಬ್ಯಾರೆ ಅದ. ಅದು ಹತ್ತು ನಿಮಿಷದಾಗ ಮುಗಿಯಂಗಿಲ್ಲ."

ಗೋಪಮ್ಮ ಮದುವೆಯ ಮಾತನ್ನು ಮತ್ತೆ ಎತ್ತಿದಾಗ ತಡೆದವಳು ಶಶಿಕಲಾಳೇ. "ಅತ್ತಿ, ಸಾಕು. ಅವ ಒಲ್ಲೆ ಅನ್ನೂದು ಡಾಕ್ಟರ್ ಹೇಳೂಕಿಂತ ಮೊದಲಽ ನನಗ ಗೊತ್ತಿತ್ತು."

ಮಾರನೇ ವಾರ ಡಾಕ್ಟರ್ ಮತ್ತು ನಾನು ಮಟಮಾರಿಗೆ ಹೋದೆವು. ಅಲ್ಲಿಯೂ ನನ್ನ ಬಾಯಿಂದಲೇ ಹೇಳಿದೆ. ಆ ಮನೆಯವರು ಒಪ್ಪಿಕೊಂಡರು, ಬೇಕಾದರೆ ಮುಂದುವರಿಸೋಣ ಎಂದರು. ಸುದ್ದಿ ತಿಳಿದ ಸೌಭಾಗ್ಯ ಬೇಡವೆಂದಳಂತೆ. "ಯಾರೋ ಏನೋ ಅಂದದ್ದಕ್ಕ ಕೈ ಬಿಟ್ಟಾರ. ಅಂಥ ಮನಿ ನನಗ ಬ್ಯಾಡ" ಎಂದು ರಾಯಚೂರಿನಲ್ಲಿ ಬಿ.ಎಡ್‌ಗೆ ಸೇರಿದಳು. ಅವಳು ಗೆದ್ದಳೆಂದು ಹೇಳಿ ನಾನು ತಪ್ಪಿಸಿಕೊಳ್ಳಲಾರೆ. ಮುರಿದದ್ದು ನಾನೇ.

ನಾಲ್ಕು ತಿಂಗಳು ಅಮರೇಶನ ಸುದ್ದಿಯಿಲ್ಲ. ಶನಿವಾರದ ಫೋನ್ ಈಗ ಬೇರೆಯವಳದು. ಒಳಗಿನ ಲ್ಯಾಬಿನಲ್ಲಿ ಕೂತು ಗೋಡೆಯಾಚೆ ಅವಳು ನಂಬರ್ ಬರೆದುಕೊಳ್ಳುವುದನ್ನು ಕೇಳಿಸಿಕೊಳ್ಳುತ್ತಿದ್ದೆ. ಅವಳು ಒಮ್ಮೆ ಫೋನಿನಲ್ಲಿ ಜೋರಾಗಿ ನಕ್ಕಳು. ಯಾರೊಡನೆ ಎಂದು ಕೇಳಲಿಲ್ಲ. ಆದರೆ ಆ ದಿನ ಎರಡು ಸ್ಲೈಡ್ ಒಡೆದೆ.

ಮಾಘದ ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಹೊರಬಂದರೆ, ಕ್ಲಿನಿಕ್ಕಿನ ಎದುರಿನ ಬೇವಿನ ಕಟ್ಟೆಯ ಮೇಲೆ ಅವನು ಕೂತಿದ್ದ. ಬೂಟಿನ ತುಂಬ ಎರೆಮಣ್ಣು.

"ಸಿಟ್ಟು ಮುಗೀತೇನು?" ಎಂದೆ, ದೂರದಲ್ಲೇ ನಿಂತು.

"ಇಲ್ಲ. ಅರ್ಧ ಅದ. ಉಳಿದರ್ಧ ನಿನ್ನ ಸಂಗಾಟ ಇದ್ದು ಮುಗಸ್ತೀನಿ." ಪಕ್ಕದ ಜಾಗ ತೋರಿಸಿದ. "ಅಷ್ಟು ಮಂದಿ ಮುಂದ, ನಮ್ಮವ್ವನ ಮುಂದ, ಹೊಟ್ಟಿಕಿಚ್ಚು ಅಂತ ಒಪ್ಕೊಂಡಿ. ನಾ ಆದ್ರ ಒಪ್ಕೋತಿದ್ದಿಲ್ಲ. ಮನಿಗೆ ಹೋದ ಮ್ಯಾಲೂ ಅದೇ ಕಣ್ಣ ಮುಂದ."

ಕೂತೆ. ನಡುವೆ ಒಂದು ಗೇಣು ಬಿಟ್ಟೆ. ಅವನು ಅದನ್ನು ನೋಡಿ, ಸರ್ವೇಯರನ ಹಾಗೆ ಕೈಯಿಂದ ಅಳೆದು, ಆ ಗೇಣನ್ನೂ ಒತ್ತುವರಿ ಮಾಡಿದ.

"ಈಗ ಖರೇ ಹೇಳು. ನಮಗ ಮಕ್ಕಳಾದ್ರ?"

"ಬರದೇ ಇರೂದೇ ಹೆಚ್ಚು" ಎಂದೆ. "ಬರಬಹುದೂ. ನಾ ಖಾತ್ರಿ ಕೊಡಂಗಿಲ್ಲ, ಅಮರೇಶ. ಇನ್ನ ಮ್ಯಾಲೆ ಯಾರಿಗೂ ಕೊಡಂಗಿಲ್ಲ."

"ಬಂದ್ರ?"

"ನೋಡ್ಕೋತೀವಿ. ಕಲ್ಮಲಾದ ಬಂಕಿಗೆ ಚಿಲಕ ಹಾಕಸ್ತೀನಿ."

ಅವನು ಬೇವಿನ ಮರ ಅಲ್ಲಾಡುವ ಹಾಗೆ ನಕ್ಕ. ನಗುತ್ತಿರುವಾಗಲೇ ಫೋನ್ ರಿಂಗಾಯಿತು. ಶಶಿ. ಅವನು ನನ್ನ ಮುಖ ನೋಡಿದ. ಎತ್ತಲೋ ಬೇಡವೋ ಎನ್ನುವಂತೆ ಹೆಬ್ಬೆರಳು ಗಾಳಿಯಲ್ಲಿ ನಿಂತಿತು.

"ಎತ್ತು" ಎಂದೆ. "ಆಕಿ ಸಂಗಾಟ ಮಾತಾಡೂದು ಬಿಡಬ್ಯಾಡ. ನಾ ಉರಕೋತೀನಿ, ಅದು ನನ್ನದು."

ಅವನು ಒಂದೆರಡು ಮಾತಾಡಿ ಫೋನನ್ನು ನನ್ನ ಕೈಗೆ ಕೊಟ್ಟ. "ನಿನಗ ಕೊಡು ಅಂತಾಳ."

"ಮೌನೇಶ್ವರಿ" ಎಂದಿತು ಆ ಕಡೆಯ ದನಿ. ಮೇಡಂ ಇಲ್ಲ, ನೀವು ಇಲ್ಲ. "ನಾ ನಿನ್ನ ಮಾಫ್ ಮಾಡಿಲ್ಲ. ಯಾವಾಗ ಮಾಡ್ತೀನೋ ಗೊತ್ತಿಲ್ಲ. ಆದ್ರ ಅವ ಗುಳಿಗಿ ಮರೀತಾನ. ಇಷ್ಟು ದಿನ ನಾ ಫೋನ್ ಮಾಡಿ ನೆನಪು ಮಾಡ್ತಿದ್ದೆ. ಇನ್ನ ನನ್ನ ಕೈಲೆ ಆಗಂಗಿಲ್ಲ. ಬರಕೋ."

ಪೆನ್ನು ಇತ್ತು, ಕಾಗದವಿರಲಿಲ್ಲ. ಅಂಗೈ ಬಿಡಿಸಿದೆ.

"ಮುಂಜಾನೆ ನಾಷ್ಟಾ ಆದ ಮ್ಯಾಲೆ ಎರಡು. ಬರೇ ಹೊಟ್ಟೀಲೆ ಕೊಟ್ರ ವಾಂತಿ ಮಾಡ್ಕೋತಾನ. ಮಧ್ಯಾಹ್ನ ಹೊಲದಾಗ ಇರ್ತಾನ, ಅಂಗಿ ಕಿಸೇದಾಗ ಇಟ್ಟು ಕಳಸು, ಚೀಲದಾಗ ಇಟ್ರ ತಗೋಳಂಗಿಲ್ಲ. ಮಜ್ಜಗಿಗೆ ಉಪ್ಪು ಕಡಿಮಿ. ರಾತ್ರಿ ಬಿಳೀದು ಒಂದು..."

ಅವಳಿಗೆ ಎಲ್ಲವೂ ಬಾಯಿಪಾಠವಿತ್ತು. ಒಂದೊಂದು ಮಾತೂ ಉರಿಸಿತು. ಒಂದನ್ನೂ ಬಿಡದೆ ಬರೆದುಕೊಂಡೆ. ಅಂಗೈ ತುಂಬಿದಾಗ ಅಮರೇಶ ತನ್ನ ಕೈ ಮುಂದೆ ಹಿಡಿದ. ಉಳಿದದ್ದನ್ನು ಅದರ ಮೇಲೆ ಬರೆದೆ.